ಬೇಡಿಕೊಂಡಷ್ಟೂ ಕೂಲಿ

ಮಧ್ಯಾಹ್ನ ಮೂರು ಗಂಟೆ ನಲವತ್ತೆರಡು ನಿಮಿಷಕ್ಕೆ ಅದು ಕೆಡಲು ಶುರುವಾಯಿತು. ಇಷ್ಟು ಖಚಿತವಾಗಿ ಹೇಳಬಲ್ಲೆ, ಯಾಕೆಂದರೆ ಬಳೇಪೇಟೆಯ ಒಂದು ಓಣಿಯಲ್ಲಿ ಗೋಡೆಗೆ ಒರಗಿ ನಿಂತು ಆ ಸಮಯವನ್ನು ನಾನೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಅದರ ಪಕ್ಕದಲ್ಲಿ ಹೀಗಿದೆ: "ಗುರಿ ಮೊದಲ ಸಲ ಬೇಡಿಕೊಂಡಳು." ಗುರಿ ಎಂದರೆ ನನ್ನ ಸಹೋದ್ಯೋಗಿ. ನಾಲ್ಕು ವರ್ಷ ಪಕ್ಕದ ಮೇಜಿನಲ್ಲಿ ಕೂತು, ನನ್ನ ಡಬ್ಬಿಯ ಚಿತ್ರಾನ್ನದಲ್ಲಿ ಕಡಲೇಬೀಜವನ್ನೆಲ್ಲ ಹೆಕ್ಕಿ ತಿಂದವಳು.

ನಮ್ಮದು ಚಾಮರಾಜಪೇಟೆಯಲ್ಲಿ ಹಳೆಯ ಮನೆಯೊಂದರ ಮಹಡಿಯ ಮೇಲಿದ್ದ ಸಣ್ಣ ಗೇಮ್ ಕಂಪನಿ. ಒಟ್ಟು ಏಳು ಜನ. ತುಂಬಾ ಜನ ಒಟ್ಟಿಗೆ ಆನ್‌ಲೈನಿನಲ್ಲಿ ಆಡುವ, ಕೋಟೆ ಪೇಟೆಗಳಿರುವ ಒಂದು ಆಟ ಕಟ್ಟುತ್ತಿದ್ದೆವು. ಆಡುವವರು ತಮಗೊಂದು ಪಾತ್ರ, ಆ ಪಾತ್ರಕ್ಕೊಂದು ಕಸುಬು ಆರಿಸಿಕೊಳ್ಳಬೇಕು. ಕಸುಬುಗಳ ನಿಯಮ ಬರೆಯುವುದು ನನ್ನ ಕೆಲಸ. ಅವರ ಉಡುಪು, ಆಯುಧ, ಮುಖ ಚಿತ್ರಿಸುವುದು ಅವಳದು.

ನಮ್ಮಲ್ಲೊಂದು ಪದ್ಧತಿಯಿತ್ತು. ಯಾವ ಕಸುಬನ್ನೇ ಆಗಲಿ, ಕಂಪ್ಯೂಟರಿಗೆ ಹಾಕುವ ಮೊದಲು ನಾವೇ ಬೀದಿಗಿಳಿದು ಆಡಿ ನೋಡುತ್ತಿದ್ದೆವು. ಅದಕ್ಕೆ ಕಾಲಾಟ ಎಂದು ಹೆಸರಿಟ್ಟಿದ್ದೆವು. ವ್ಯಾಪಾರಿಯ ಕಾಲಾಟವನ್ನು ಗಾಂಧಿ ಬಜಾರಿನಲ್ಲಿ ಕಡಲೆಕಾಯಿ ಅದಲುಬದಲು ಮಾಡಿ ಆಡಿದ್ದೆವು. ವೈದ್ಯನ ಕಾಲಾಟ ಮಲ್ಲೇಶ್ವರದ ಒಂದು ಪಾರ್ಕಿನಲ್ಲಿ. ವಾಕಿಂಗ್ ಬಂದಿದ್ದ ಹಿರಿಯರೊಬ್ಬರು ತಮ್ಮ ಮಂಡಿನೋವಿಗೂ ಏನಾದರೂ ಇದೆಯಾ ಅಂತ ಕೇಳಿದ್ದರು. ನಕ್ಕು ನಕ್ಕು ಸಾಕಾಗಿತ್ತು.

ಆಮೇಲೆ ಬಾಡಿಗೆ ಭಟನ ಸರದಿ ಬಂತು. ಯಾರು ಕೂಲಿ ಕೊಟ್ಟರೂ ಅವರ ಪರವಾಗಿ ಇನ್ನೊಬ್ಬರನ್ನು ಹಿಡಿದು ತರುವವನು. ಮೊದಲ ಕರಡಿನಲ್ಲಿ ಈ ಕಸುಬು ಸಪ್ಪೆಯಾಗಿತ್ತು. ಸಿಕ್ಕಿಬಿದ್ದವನು "ಬಿಟ್ಬಿಡು ಗುರು" ಅಂದರೆ ಭಟ ಬಿಟ್ಟುಬಿಡುತ್ತಿದ್ದ. ಆಡುವವರು ಸಾಮಾನ್ಯವಾಗಿ ಒಳ್ಳೆಯವರೇ. ಅದು ನನಗೆ ತೊಂದರೆಯಾಗಿ ಕಂಡಿತು. ಅದಕ್ಕೆ ಒಂದು ಸಾಲು ಸೇರಿಸಿದೆ: ಗುರಿ ಬೇಡಿಕೊಂಡಷ್ಟೂ ಭಟನ ಕೂಲಿ ಏರುತ್ತದೆ, ಒಂದು ಮೊರೆಗೆ ಒಂದು ಅಂಕ. ನಮ್ಮ ಬಾಸ್ ಓದಿ ನನ್ನ ಬೆನ್ನು ತಟ್ಟಿದ. "ಮಗಾ, ಇದು ಚಿನ್ನ." ನಾನು ಹಿಗ್ಗಿದೆ. ಆ ಹಿಗ್ಗು ನೆನಪಾದರೆ ಈಗಲೂ ಬಾಯಲ್ಲಿ ಹುಳಿ ನೀರು ಬರುತ್ತದೆ.

ಭಾನುವಾರ ಬಳೇಪೇಟೆಯಲ್ಲಿ ಅರ್ಧಕ್ಕರ್ಧ ಅಂಗಡಿ ಮುಚ್ಚಿರುತ್ತವೆ. ಅದಕ್ಕೇ ಆ ಜಾಗ. ಭಟರಾಗಿ ಬಂದವರು ನಾಲ್ಕು ಜನ ಕಾಲೇಜು ವಿದ್ಯಾರ್ಥಿಗಳು, ನಮ್ಮ ಆಟದ ಅಭಿಮಾನಿಗಳು. ಅವಳು ತಾನೇ ಗುರಿಯಾಗುತ್ತೇನೆ ಅಂದಳು. ಓಡುವವರ ಮುಖ ಹೇಗಿರುತ್ತದೆ ಅಂತ ಗೊತ್ತಾದರೆ ಚಿತ್ರ ಬರೆಯಲು ಸುಲಭ ಎಂಬುದು ಅವಳ ಲೆಕ್ಕ. ಬ್ಯಾಗಿಗೆ ಒಂದು ಹಳದಿ ರಿಬ್ಬನ್ ಕಟ್ಟಿಕೊಂಡಳು. ಭಟನೊಬ್ಬ ಅದನ್ನು ಕೈಗೆ ತೆಗೆದುಕೊಂಡರೆ ಆಟ ಮುಗಿಯಿತು. ನಿಯಮದ ಹಾಳೆಯನ್ನು ನಾನೇ ಗಟ್ಟಿಯಾಗಿ ಓದಿ ಹೇಳಿದೆ. ಗುರಿಗೆ ಆಟ ನಿಲ್ಲಿಸಬೇಕೆನಿಸಿದರೆ ಏನು ಮಾಡಬೇಕು ಎಂದು ಆ ಹಾಳೆಯಲ್ಲಿ ಒಂದು ಸಾಲೂ ಇರಲಿಲ್ಲ. ಕಡಲೆಕಾಯಿಯ ಕಾಲಾಟದಲ್ಲಿ ಅದು ಬೇಕಾಗಿರಲಿಲ್ಲವಲ್ಲ.

ಹತ್ತು ನಿಮಿಷ ಚೆನ್ನಾಗಿತ್ತು. ಆಮೇಲೆ ಅವಳ ಚಪ್ಪಲಿ ಕಿತ್ತುಹೋಯಿತು, ಕಲ್ಲುಚಪ್ಪಡಿಯ ಮೇಲೆ ಬಿದ್ದು ಮಂಡಿ ತರಚಿತು. "ನಿಲ್ಲಿಸ್ರೋ, ಒಂದ್ನಿಮಿಷ" ಅಂದಳು.

"ಒಂದು!" ಅಂತ ಕೂಗಿದ ಒಬ್ಬ. ಉಳಿದವರು ನಕ್ಕರು.

"ಏಯ್, ನಿಜವಾಗ್ಲೂ ಹೇಳ್ತಿದೀನಿ."

"ಎರಡು!"

ಓಣಿಯ ಆ ತುದಿ ಮುಚ್ಚಿತ್ತು. ನಾಲ್ವರೂ ಸಾಲಾಗಿ ನಿಂತರು. ಅವಳು ರಿಬ್ಬನ್ ಬಿಚ್ಚಿ ಅವರ ಕಡೆ ಎಸೆದಳು. ಅದು ಅವರ ಕಾಲ ಬಳಿ ಬಿತ್ತು. ಯಾರೂ ಎತ್ತಿಕೊಳ್ಳಲಿಲ್ಲ. ಎತ್ತಿಕೊಂಡರೆ ಆಟ ಮುಗಿಯುತ್ತದೆ, ಎತ್ತದಿದ್ದರೆ ಅಂಕ ಏರುತ್ತದೆ. ಒಬ್ಬ ಬೇಕೆಂದೇ ಕೈ ಕಟ್ಟಿಕೊಂಡು ನಿಂತ. "ತಗೊಳ್ಳಿ ಅದನ್ನ, ತಗೊಳ್ರೋ" ಅಂತ ಅವಳು ಅಂದಾಗ "ಮೂರು, ನಾಲ್ಕು" ಅಂತ ಎಣಿಸಿದರು. ಬುದ್ಧಿವಂತ ಹುಡುಗರು. ನಾನು ಬರೆದ ನಿಯಮದೊಳಗೆ ಏನಿದೆ ಎಂದು ನನಗಿಂತ ಮೊದಲೇ ಕಂಡುಕೊಂಡಿದ್ದರು.

ನಾನು ಇಪ್ಪತ್ತು ಅಡಿ ದೂರದಲ್ಲಿದ್ದೆ. ಎಲ್ಲವೂ ಕೇಳಿಸುತ್ತಿತ್ತು. ನಾನು ಬರೆದದ್ದು: "3.47. ಭಯ ತುಂಬಾ ಚೆನ್ನಾಗಿ ಬರುತ್ತಿದೆ."

ಓಣಿಯಲ್ಲಿದ್ದ ಒಂದು ಬಳೆ ಗೋಡೌನಿನ ಪಕ್ಕದಲ್ಲಿ ಕಬ್ಬಿಣದ ಏಣಿಯೊಂದಿತ್ತು. ಅವಳು ಅದನ್ನು ಹತ್ತಿದಳು. ಮೇಲೆ ಹಳೆಯ ಸಿಮೆಂಟ್ ಶೀಟಿನ ಮಾಡು. ಒಬ್ಬ ಅವಳ ಹಿಂದೆಯೇ ಏಣಿ ಹತ್ತತೊಡಗಿದ್ದರಿಂದ ಅವಳು ಹಿಂದೆ ಹಿಂದೆ ಸರಿದು ಶೀಟಿನ ಮೇಲೆ ಕಾಲಿಟ್ಟಳು. ಹಪ್ಪಳ ಮುರಿದ ಹಾಗೆ ಸದ್ದಾಯಿತು. ಅವಳ ಒಂದು ಕಾಲು ಮೊಣಕಾಲಿನವರೆಗೆ ಒಳಗೆ ಹೋಯಿತು. ಕೆಳಗೆ ಎರಡಾಳೆತ್ತರದ ಖಾಲಿ, ಅದರ ತಳದಲ್ಲಿ ಗಾಜಿನ ಬಳೆಯ ಪೆಟ್ಟಿಗೆಗಳು. ಆಗಲೂ ಕೆಳಗಿನಿಂದ ಯಾರೋ "ಏಳು!" ಅಂದರು.

ನಿಲ್ಲಿಸಿದವನು ನಾನಲ್ಲ. ಓಣಿಯ ಬಾಯಲ್ಲಿ ತಳ್ಳುಗಾಡಿಯ ಮೇಲೆ ಕೂತಿದ್ದ ವಯಸ್ಸಾದ ಕೂಲಿಯಾಳು ಗಾಡಿಯನ್ನು ದಡಬಡನೆ ಒಳಗೆ ತಳ್ಳಿಕೊಂಡು ಬಂದು ಹುಡುಗರ ಮೊಣಕಾಲಿಗೆ ತಾಗಿಸಿದರು.

"ಯಾರ್ರೋ ನೀವು? ಹೆಣ್ಮಗು ಬಿಡಿ ಬಿಡಿ ಅಂತಿದೆ, ಕಿವಿ ಇಲ್ವಾ?"

"ಅಂಕಲ್, ಗೇಮ್ ಆಡ್ತಿದೀವಿ."

"ಆ ಮಗೂನೂ ಆಡ್ತಿದೆಯಾ?"

ಕೂಲಿಯಾಳು ಉತ್ತರಕ್ಕೆ ಕಾಯಲಿಲ್ಲ. ಏಣಿಯ ಮೇಲಿದ್ದವನನ್ನು ಅಂಗಿ ಹಿಡಿದು ಕೆಳಗೆಳೆದು, ಅವರೇ ಮೇಲೆ ಹತ್ತಿದರು. ಹೆಗಲ ಮೇಲಿದ್ದ ಟವೆಲ್ಲಿನ ಒಂದು ತುದಿಯನ್ನು ಅವಳತ್ತ ಎಸೆದರು. "ಮಲ್ಕೋ ತಾಯಿ, ನಿಲ್ಬೇಡ. ಹೊಟ್ಟೆ ಮೇಲೆ ಬಾ. ಕೆಳಗೆ ನೋಡ್ಬೇಡ, ನನ್ ಮುಖ ನೋಡು." ಅವಳು ತೆವಳಿಕೊಂಡು ಬಂದಳು. ಕೆಳಗಿಳಿದ ಮೇಲೆ ನನ್ನ ಕಡೆಗೂ, ನನ್ನ ಕೈಯ ಪೆನ್ನಿನ ಕಡೆಗೂ ಒಮ್ಮೆ ನೋಡಿ, ಬರಿಗಾಲಲ್ಲೇ ಆಟೋ ಹತ್ತಿ ಹೋದಳು.

ಮಾರನೇ ದಿನ ಕಚೇರಿಯಲ್ಲಿ ಎಲ್ಲರೂ ಮರುಕ ಪಟ್ಟರು. ಬಾಸ್ ಆ ಹುಡುಗರನ್ನು ನಮ್ಮ ಗ್ರೂಪಿನಿಂದ ತೆಗೆದುಹಾಕಿದ. "ಅತಿ ಮಾಡಿದ್ರು ನನ್ಮಕ್ಳು. ಅಲ್ವೇನೋ?" ನಾನು ತಲೆಯಾಡಿಸಿದೆ. ನಾನು ಓಣಿಯ ತಿರುವಿನಲ್ಲಿದ್ದೆ, ಸರಿಯಾಗಿ ಕೇಳಿಸಲಿಲ್ಲ ಅಂತ ಹೇಳಿದೆ. ಇಷ್ಟು ಸಲೀಸಾಗಿ ಸುಳ್ಳು ಬಂದದ್ದು ನನಗೇ ಆಶ್ಚರ್ಯ. ಆಮೇಲೆ ಬಾಸ್ ದನಿ ತಗ್ಗಿಸಿ ಹೇಳಿದ: "ಆದ್ರೂ ಗುರು, ಆ ಭಯ ಪರದೆ ಮೇಲೆ ಬಂದ್ರೆ ಹೇಗಿರತ್ತೆ ನೋಡು. ರೂಲ್ ಹಾಗೇ ಇರ್ಲಿ."

ನನ್ನ ನಿದ್ದೆ ಕೆಟ್ಟದ್ದು ಅಂದಿನಿಂದ. ಕಣ್ಣು ಮುಚ್ಚಿದರೆ ಆ ಹಪ್ಪಳದ ಸದ್ದು. ಊಟಕ್ಕೆ ಅಮ್ಮ ಹಪ್ಪಳ ಮುರಿದಾಗ ಎದ್ದು ಹೋಗಿ ವಾಂತಿ ಮಾಡಿಕೊಂಡೆ. ನನ್ನ ಕನಸಿನಲ್ಲಿ ಅವಳು ಬಿದ್ದೇ ಬೀಳುತ್ತಿದ್ದಳು, ನಾನು ಪ್ರತಿ ಸಲವೂ ಸಮಯ ನೋಡುತ್ತಿದ್ದೆ.

ಎರಡು ವಾರ ಕಳೆದ ಮೇಲೆ ಆ ಕೂಲಿಯವರನ್ನು ಹುಡುಕಿಕೊಂಡು ಬಳೇಪೇಟೆಗೆ ಹೋದೆ. ಅದೇ ಓಣಿ, ಅದೇ ಗಾಡಿ. ಕಾಫಿ ಕೊಡಿಸಿ, "ಯಜಮಾನ್ರೇ, ಅವತ್ತು ನೀವಿಲ್ದೆ ಇದ್ದಿದ್ರೆ..." ಅಂತ ಶುರು ಮಾಡಿದೆ.

ಅವರು ನನ್ನ ಮುಖವನ್ನೇ ನೋಡಿದರು. "ಪುಸ್ತಕ ಹಿಡ್ಕೊಂಡು ಬರ್ಕೋತಿದ್ರಲ್ಲ, ನೀವೇ ಅಲ್ವಾ?"

"ಹೌದು."

"ನಾನು ಮೊದ್ಲೇ ಬರ್ತಿದ್ದೆ ಸ್ವಾಮಿ. ಆ ಮಗು ಬಿದ್ದಾಗ್ಲೇ ಎದ್ದೆ. ನೀವು ನಿಂತು ಬರ್ಕೋತಿದ್ರಿ. ಯಾರೋ ಜವಾಬ್ದಾರಿ ಇರೋ ಮನುಷ್ಯ ನೋಡ್ಕೋತಿದಾರೆ, ನಂಗ್ಯಾಕೆ ಅಂತ ಮತ್ತೆ ಕೂತ್ಕೊಂಡೆ." ಕಾಫಿ ಲೋಟವನ್ನು ಗಾಡಿಯ ಮೇಲಿಟ್ಟು ಬಾಯಿ ಒರೆಸಿಕೊಂಡರು. "ಓದಿರೋರ ಹಾಗೆ ಕಾಣ್ತೀರಿ."

ಅವರ ದನಿಯಲ್ಲಿ ಬೈಗುಳ ಇರಲಿಲ್ಲ. ಕಾಫಿ ಪೂರ್ತಿ ಕುಡಿದಿರಲಿಲ್ಲ, ಅಷ್ಟೆ.

ಆ ವಾರದ ಬುಧವಾರ ಅವಳು ಕಚೇರಿಗೆ ಬಂದಳು, ಆ ಭಾನುವಾರದ ನಂತರ ಮೊದಲ ಸಲ. ಮಂಡಿಗೆ ಇನ್ನೂ ಪಟ್ಟಿ ಇತ್ತು. ಕೂರದೆ, ಆ ನಿಯಮ ತೆಗೆಯಬೇಕು ಅಂದಳು.

"ನಿಯಮ ಏನಮ್ಮ ಮಾಡ್ತು?" ಅಂದ ಬಾಸ್. "ಹುಡುಗರು ನಿಯಮ ಮೀರಿದ್ರು. ಜಾಗದಲ್ಲಿದ್ದೋನು ಇಲ್ಲೇ ಇದಾನೆ, ಕೇಳು."

ಎಲ್ಲರೂ ನನ್ನತ್ತ ತಿರುಗಿದರು. ಅವಳು ಮಾತ್ರ ಕಿಟಕಿಯ ಕಡೆ ನೋಡುತ್ತಿದ್ದಳು. ನಾನು ಬ್ಯಾಗಿನಿಂದ ನೋಟ್‌ಬುಕ್ ತೆಗೆದು ಓದಿದೆ. ಮೂರು ನಲವತ್ತೆರಡರಿಂದ ಓದಿದೆ. ಒಂದು, ಎರಡು, ಅವಳು ಎಸೆದ ರಿಬ್ಬನ್, ಯಾರೂ ಎತ್ತದ ರಿಬ್ಬನ್. "ಭಯ ತುಂಬಾ ಚೆನ್ನಾಗಿ ಬರುತ್ತಿದೆ" ಎಂಬುದನ್ನೂ ಬಿಡದೆ ಓದಿದೆ. ಕೊನೆಗೆ ಹೇಳಿದೆ: "ಅವರು ಒಂದು ನಿಯಮವನ್ನೂ ಮೀರಲಿಲ್ಲ. ನಾನು ಬರೆದಿದ್ದನ್ನೇ ಆಡಿದ್ರು. ನಂಗೆ ಎಲ್ಲಾ ಕೇಳಿಸ್ತಿತ್ತು."

ಬಾಸ್ "ಥೂ" ಅಂದ. ಯಾರಿಗೆ ಅಂದನೋ ಗೊತ್ತಿಲ್ಲ.

ಅವಳು ಬಂದು ನನ್ನ ಕೈಯಿಂದ ನೋಟ್‌ಬುಕ್ ತೆಗೆದುಕೊಂಡು, ಆ ಎರಡು ಹಾಳೆಗಳನ್ನು ನಿಧಾನವಾಗಿ, ಹರಿಯದ ಹಾಗೆ ಕಿತ್ತಳು. "ಇದು ನನ್ ಹತ್ರ ಇರತ್ತೆ. ಆ ಸಾಲು ಆಟದಲ್ಲಿ ಎಲ್ಲಾದ್ರೂ ಕಂಡ್ರೆ, ಇದನ್ನ ಆಡೋರೆಲ್ಲ ಓದ್ತಾರೆ." ಅದು ಬಾಸ್‌ಗೆ ಹೇಳಿದ್ದು. ತನ್ನ ಮೇಜಿನ ಬಣ್ಣದ ಪೆನ್ಸಿಲ್‌ಗಳನ್ನು ಬ್ಯಾಗಿಗೆ ತುಂಬಿಕೊಂಡು ಮೆಟ್ಟಿಲಿಳಿದು ಹೋದಳು. ಅಂದು ಮಧ್ಯಾಹ್ನ ಮೂರು ಗಂಟೆಯೊಳಗೆ ಬಾಸ್ ತಾನೇ ಕೂತು ಆ ಸಾಲು ಅಳಿಸಿದ. ಗುರಿ ಆಟ ನಿಲ್ಲಿಸುವ ದಾರಿಯನ್ನು ಸಂಜೆ ನಾನು ಬರೆದೆ. ಅರ್ಧ ಪುಟವೂ ಆಗಲಿಲ್ಲ.

ಅವಳು ಮತ್ತೆ ನನ್ನೊಡನೆ ಮಾತಾಡಿಲ್ಲ. ಮಾತಾಡಬೇಕೆಂದೂ ಇಲ್ಲ.

ಮರುದಿನ ಕಣ್ಣು ಬಿಟ್ಟಾಗ ಬಿಸಿಲು ಮಂಚದ ಕಾಲಿನವರೆಗೆ ಬಂದಿತ್ತು. ಅಮ್ಮ ಎರಡು ಸಲ ಬಿಸಿ ಮಾಡಿದ ಕಾಫಿ ತಲೆದೆಸೆಯಲ್ಲಿ ಕೆನೆಗಟ್ಟಿತ್ತು. ನಡುವೆ ಒಮ್ಮೆಯೂ ಎಚ್ಚರವಾಗಿರಲಿಲ್ಲ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅಷ್ಟು ಚೆನ್ನಾಗಿ ನಿದ್ದೆ ಬಂದದ್ದಕ್ಕೂ ಒಂದಿಷ್ಟು ಹೇಸಿಗೆಯಾಯಿತು. ಅಂದು ಗುರುವಾರ.