ಅವರು ನನ್ನ ದನಿಯಲ್ಲಿ ಹೇಳಿದ್ದು

ಆ ಬೆಳಗಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ಇಳಿಯಲಿ ಎಂದು ಬರೆಯುತ್ತಲೂ ಇಲ್ಲ. ನಡೆದದ್ದು ನಡೆದ ಹಾಗೇ ಒಂದು ಕಡೆ ಇರಲಿ, ಅಷ್ಟೆ.

ನಾನು ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸಾಗಿ ದುಡಿದವಳು. ನಾಗಮಂಗಲದಲ್ಲಿ ಶುರು ಮಾಡಿ, ಕೆ.ಆರ್. ಪೇಟೆ, ಶ್ರೀರಂಗಪಟ್ಟಣ ಸುತ್ತಿ, ಪಾಂಡವಪುರದಲ್ಲಿ ನಿವೃತ್ತಳಾದೆ. ಅಲ್ಲೇ ಮನೆ ಮಾಡಿಕೊಂಡಿದ್ದೇನೆ. ಈಗಲೂ ಎದ್ದ ಕೂಡಲೇ ಹಾಸಿಗೆ ಸರಿ ಮಾಡದೆ ಮುಖ ತೊಳೆಯುವುದಿಲ್ಲ. ಕೆಲಸ ಎಂದರೆ ಅದಕ್ಕೊಂದು ಕ್ರಮ ಇರಬೇಕು. ಮೊದಲು ಕೇಳಬೇಕು, ಆಮೇಲೆ ಮುಟ್ಟಬೇಕು. ಅವತ್ತು ನನಗೆ ಎದುರಾದವರಿಗೆ ಇಷ್ಟೂ ಗೊತ್ತಿರಲಿಲ್ಲ.

ನನ್ನ ಅಕ್ಕನನ್ನು ಕ್ಯಾತನಹಳ್ಳಿಗೆ ಕೊಟ್ಟಿದೆ. ಕಬ್ಬಿನ ಗದ್ದೆ, ಜೊತೆಗೆ ಬೆಲ್ಲ ಬೇಯಿಸುವ ಸ್ವಂತ ಆಲೆಮನೆ. ಅವಳ ಎಡ ಎದೆಯಲ್ಲಿ ಗಂಟು ಕಾಣಿಸಿತು. ಮೈಸೂರಿಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದವಳು ನಾನೇ. ಡಾಕ್ಟರು ಅಕ್ಕನನ್ನು ಹೊರಗೆ ಕೂರಿಸಿ ನನಗೆ ಹೇಳಿದರು: ಕ್ಯಾನ್ಸರು, ಎದೆ ಪೂರ್ತಿ ತೆಗೆಯಬೇಕು, ತಡ ಮಾಡಬೇಡಿ. ನಾನು ಭಾವನಿಗೆ ಹೇಳಿದೆ, ಅವಳ ಮಗನಿಗೆ ಹೇಳಿದೆ. ಅಕ್ಕನಿಗೆ ಮಾತ್ರ ಕೊಬ್ಬಿನ ಗೆಡ್ಡೆ, ಸಣ್ಣ ಆಪರೇಷನ್ನು ಎಂದೆವು. ನಮ್ಮ ಕಡೆ ದೊಡ್ಡ ಕಾಯಿಲೆಯನ್ನು ಕಾಯಿಲೆಯವರಿಗೆ ಹೇಳುವುದಿಲ್ಲ. ಅದು ಮೋಸವಲ್ಲ. ಭಾರವನ್ನು ಮನೆಯವರು ಹೊತ್ತುಕೊಂಡು, ಮಲಗಿದವರು ಎರಡು ತುತ್ತು ನೆಮ್ಮದಿಯಾಗಿ ತಿನ್ನಲಿ ಎಂದು ಬಿಡುವುದು. ಹೆಸರು ಕೇಳಿದ ದಿನವೇ ಊಟ ಬಿಟ್ಟವರನ್ನು ವಾರ್ಡಿನಲ್ಲಿ ನಾನು ಕಣ್ಣಾರೆ ಕಂಡಿದ್ದೇನೆ.

ಒಂದೇ ತೊಂದರೆ ಎಂದರೆ, ಗೆಡ್ಡೆ ಎಂದ ಮೇಲೆ ಅಕ್ಕನಿಗೆ ಅವಸರವೇ ಇಲ್ಲವಾಯಿತು. ಅವಳನ್ನು ಹೊರಡಿಸಲೆಂದೇ ಆ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿದ್ದೆ. ಅವಳು ಆಲೆಮನೆಯ ಆಳುಗಳಿಗೆ ತಿಂಡಿಯ ಕುಕ್ಕೆ ಹೊತ್ತು ನಾಲೆ ಏರಿಯ ಮೇಲೆ ಹೊರಟಿದ್ದಳು. ನಾನೂ ಹಿಂದೆ ಬಿದ್ದೆ.

"ನಾಳಿಕ್ಕೇ ಓಗವಾ ಕಣಕ್ಕ. ಡಾಕ್ಟ್ರು ಬಿಡುವಾಗವ್ರೆ."

"ಗೆಡ್ಡೆ ಎಲ್ಲಿಗೂ ಓಡೋಗಲ್ಲ, ಬುಡಮ್ಮಿ. ಆಲೆ ಮುಗೀಲಿ. ಈಗ ಬುಟ್ಟೋದ್ರೆ ಆ ನಿನ್ ಭಾವ ಬೆಲ್ಲನೆಲ್ಲ ಸೀಯಿಸಿ ಕೂತ್ಕತಾನೆ."

ಏರಿಯ ತಿರುವು ದಾಟಿದೆವು. ಕಬ್ಬು ಕಡಿದು ಬಯಲಾಗಿದ್ದ ಗದ್ದೆಯ ಮೇಲೆ, ಬೆಲ್ಲದ ಕೊಪ್ಪರಿಗೆಯನ್ನು ಬೋರಲು ಹಾಕಿದಂತೆ ಏನೋ ನಿಂತಿತ್ತು. ಮನೆಗಿಂತ ದೊಡ್ಡದು. ನೆಲಕ್ಕೆ ತಾಗಿರಲಿಲ್ಲ, ಸದ್ದೂ ಇರಲಿಲ್ಲ.

"ಯಾವನ್ಲಾ ಅವ್ನು, ನಮ್ ಗದ್ದೇಲಿ ಇದನ್ನ ತಂದು ಮಡಗಿರೋನು?" ಎಂದು ಅಕ್ಕ ಕೂಗಿದಳು.

ಕಾಲು ಎತ್ತಿದ್ದು ಏರಿಯ ಮೇಲೆ, ಊರಿದ್ದು ಅದರ ಒಳಗೆ. ನಡುವೆ ಏನಾಯಿತೋ ತಿಳಿಯದು. ಆಮೇಲೆ ಇದನ್ನು ಹೇಳಿದಾಗ, ಬಿ.ಪಿ. ಇಳಿದಿತ್ತೇನೋ, ಶುಗರ್ ಇಳಿದಿತ್ತೇನೋ ಎಂದು ನನಗೇ ಪಾಠ ಹೇಳಲು ಬಂದವರಿದ್ದಾರೆ. ಒಳಗೆ ಹೋದ ತಕ್ಷಣ ನಾನು ಮಾಡಿದ ಮೊದಲ ಕೆಲಸ ನನ್ನ ನಾಡಿ ನೋಡಿಕೊಂಡದ್ದು, ಎರಡನೆಯದು ಅಕ್ಕನ ನಾಡಿ ಹಿಡಿದದ್ದು. ಇಬ್ಬರದೂ ಜೋರಾಗಿತ್ತು, ಆದರೆ ತಪ್ಪದೆ ಬಡಿಯುತ್ತಿತ್ತು.

ಗೋಡೆಗಳಿಂದಲೇ ಬೆಳಕು ಬರುತ್ತಿತ್ತು. ಬಾಗಿಲು ಕಾಣಲಿಲ್ಲ. ಕೂರಲು ಒಂದು ಬೆಂಚೂ ಇಲ್ಲ. ನಮ್ಮ ಎದುರಿಗೆ ಮೂವರು ನಿಂತಿದ್ದರು. ಆಳೆತ್ತರವನ್ನು ಮೀರಿದವರು, ಮೈ ಒದ್ದೆ ಜೇಡಿಮಣ್ಣಿನ ಬಣ್ಣ. ಕಣ್ಣಿತ್ತು, ಬಾಯಿ ಇರಬೇಕಾದ ಕಡೆ ಬರೀ ನುಣುಪು. ಹೆದರಿಕೆ ಆಯಿತೇ ಎಂದರೆ ಆಯಿತು. ಅದಕ್ಕಿಂತ ಮೊದಲು ಸಿಟ್ಟು ಬಂತು. ಇಬ್ಬರು ವಯಸ್ಸಾದ ಹೆಂಗಸರನ್ನು ಹೇಳದೆ ಕೇಳದೆ ಒಳಗೆ ಎಳೆದುಕೊಳ್ಳುವುದು ಯಾವ ರೀತಿ?

"ಎದ್ರುಕೋಬೇಡ ಕಣಕ್ಕ. ಏನೂ ಆಗಲ್ಲ. ನಂಗೇನೂ ಭಯ ಇಲ್ಲ," ಎಂದೆ.

ಆಗ ನನ್ನ ತಲೆಯೊಳಗೆ ಒಂದು ದನಿ ಕೇಳಿತು. ನನ್ನದೇ ದನಿ. ವಾರ್ಡಿನಲ್ಲಿ ಆಯಾಗಳನ್ನು ಗದರುತ್ತಿದ್ದೆನಲ್ಲ, ಅದೇ. "ನಿನಗೆ ಭಯವಾಗಿದೆ. ಇಲ್ಲ ಎಂದೆ. ಏಕೆ?"

ಅಕ್ಕ ಬೆಚ್ಚಿ ನನ್ನ ಕಡೆ ತಿರುಗಿದಳು. "ನೀನೇನಮ್ಮಿ ಅಂದಿದ್ದು? ಬಾಯೇ ಅಳ್ಳಾಡಲಿಲ್ಲ!"

ಅವಳಿಗೂ ಕೇಳಿಸಿತ್ತು. ಅಲ್ಲಿಗೆ ನನಗೆ ಪೂರಾ ಅರ್ಥವಾಯಿತು. ಇವರು ಮನಸ್ಸಿನಲ್ಲಿದ್ದದ್ದನ್ನು ತೆಗೆಯುತ್ತಾರೆ. ತೆಗೆದದ್ದನ್ನು, ಅದು ಯಾರ ಮನಸ್ಸಿನದೋ ಅವರ ದನಿಯಲ್ಲೇ, ಎಲ್ಲರಿಗೂ ಹಂಚುತ್ತಾರೆ. ನನ್ನ ಮನಸ್ಸಿನಲ್ಲಿ ಏನಿತ್ತು ಎಂದು ನಾನು ಹೇಳಬೇಕಾಗಿಲ್ಲ. ಅದನ್ನು ನೆನೆಯಬಾರದು ಎಂದುಕೊಂಡೆ. ನೆನೆಯಬಾರದು ಎಂದುಕೊಳ್ಳುವುದೂ ನೆನೆದಂತೆಯೇ. ಹಾಗಾಗಿ ಹಾಸಿಗೆ ಹಾಸತೊಡಗಿದೆ. ಮನಸ್ಸಿನಲ್ಲೇ. ಮೊದಲು ರಬ್ಬರ್ ಹಾಳೆ, ಅದರ ಮೇಲೆ ದುಪ್ಪಟಿ, ತಲೆಕಡೆ ಮಡಚಿ ಒಳಕ್ಕೆ ಸಿಕ್ಕಿಸಬೇಕು, ಮೂಲೆ ಲಕೋಟೆಯ ಹಾಗೆ, ಸುಕ್ಕು ಇರಬಾರದು. ಒಂದು ಮಂಚ ಮುಗಿಯಿತು, ಪಕ್ಕದ್ದಕ್ಕೆ ಹೋದೆ. ನಾಗಮಂಗಲದ ಹೆಂಗಸರ ವಾರ್ಡನ್ನು ಒಂದು ಕೊನೆಯಿಂದ ಹಾಸುತ್ತಾ ಬಂದೆ. ಅವರು ಮೂವರೂ ನನ್ನತ್ತ ಬಗ್ಗಿ ನಿಂತರು. ದನಿ ಏಳಲಿಲ್ಲ.

ಅಕ್ಕನಿಗೆ ಇದೇನು ಗೊತ್ತು! ಅವಳು ಕುಕ್ಕೆ ಕೆಳಗಿಳಿಸಿ, ಮನೆಗೆ ಬಂದ ನೆಂಟರನ್ನು ಮಾತಾಡಿಸುವ ಹಾಗೆ, "ಊಟಗೀಟ ಆಯ್ತೇನ್ರಪ್ಪಾ?" ಎಂದಳು. ಆಮೇಲೆ ಅವರ ಮುಖ ನೋಡಿ, "ಅಯ್ಯೋ, ಬಾಯೇ ಇಲ್ವಲ್ಲಮ್ಮಿ ಇವುಕ್ಕೆ. ಎಂಗ್ ಉಣ್ತಾವು?" ಎಂದಳು. ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ನಾನು ದಿಂಬಿನ ಗವಸು ಹಾಕುತ್ತಿದ್ದೆ.

ಅಷ್ಟರಲ್ಲಿ ಒಬ್ಬ ಮುಂದೆ ಬಂದು ಅಕ್ಕನ ಎಡಭಾಗಕ್ಕೆ ತಲೆ ಬಗ್ಗಿಸಿದ. ಮುಟ್ಟಲಿಲ್ಲ. ಬಹಳ ಹೊತ್ತು ಹಾಗೇ ನಿಂತ.

"ಇವ್ರೇನು ಡಾಕ್ಟ್ರಾ?" ಎಂದಳು ಅಕ್ಕ. "ನನ್ ಗೆಡ್ಡೆ ನೋಡ್ತಾವ್ರಾ? ಕೇಳಮ್ಮಿ, ಇಲ್ಲೇ ತೆಗುದ್ಬುಟ್ರೆ ಮೈಸೂರ್ಗೋಗೋದು ತಪ್ತದೆ."

ಕೈಯಲ್ಲಿದ್ದ ದುಪ್ಪಟಿ ಜಾರಿತು. ಒಂದು ಗಳಿಗೆ, ಅಷ್ಟೆ. ಸಾಕಾಯಿತು ಅವರಿಗೆ.

"ಗೆಡ್ಡೆ ಅಲ್ಲ, ಕ್ಯಾನ್ಸರು. ಎದೆ ಪೂರ್ತಿ ತೆಗೀಬೇಕು. ಅಕ್ಕಂಗೆ ಗೊತ್ತಾಗಬಾರದು."

ನನ್ನ ದನಿ. ನನ್ನ ಮಾತು. ಮೈಸೂರಿನಿಂದ ಬಂದ ಸಂಜೆ ಭಾವನಿಗೆ ನಾನು ಹೇಳಿದ್ದು ಅಕ್ಷರವೂ ಬಿಡದೆ. ನನ್ನ ಬಾಯಿ ಮುಚ್ಚಿಕೊಂಡೇ ಇತ್ತು. ಕಳ್ಳರು ಒಡವೆ ಕದಿಯುತ್ತಾರೆ. ಇವರು ನನ್ನ ದನಿ ಕದ್ದು, ಅದರಿಂದಲೇ ನನ್ನ ಅಕ್ಕನನ್ನು ಹೊಡೆದರು.

ಅಕ್ಕ ನನ್ನನ್ನೇ ನೋಡಿದಳು. "ಪೂರ್ತಿ ತೆಗೀತಾರಾ?"

"ಇಲ್ಲ ಕಣಕ್ಕ, ಇವು ಏನೇನೋ..."

"ಹೌದು," ಎಂದಿತು ನನ್ನ ದನಿ, ನಾನು ಮುಗಿಸುವ ಮೊದಲೇ.

ನಾನು ಹೋಗಿ ಆ ಬಗ್ಗಿದವನ ಭುಜ ಹಿಡಿದು ಆಚೆ ನೂಕಿದೆ. ಮೈ ತಣ್ಣಗಿತ್ತು, ಅಡಿಕೆ ಹಾಳೆಯಷ್ಟು ಹಗುರ. ಅವನು ಹಿಂದಕ್ಕೆ ಸರಿದ. ಉಳಿದಿಬ್ಬರು ಒಟ್ಟಿಗೆ ನಮ್ಮ ಕಡೆ ಬಂದರು. ಗೋಡೆಯ ಬೆಳಕು ಕುಗ್ಗಿತು. ಮುಗಿಯಿತು ಎಂದುಕೊಂಡೆ. ಆದರೂ ಬಾಯಿ ನಿಲ್ಲಿಸಲಿಲ್ಲ. "ಯಾರ್ ಕೇಳಿದ್ರು ನಿಮ್ಮನ್ನ? ಯಾರ್ ಕೇಳಿದ್ರು ಅಂತೀನಿ!"

"ನಮ್ಮಲ್ಲಿ ಯಾರ ನೋವೂ ಅವರಿಗೆ ತಿಳಿಯದೆ ಇನ್ನೊಬ್ಬರ ಬಳಿ ಇರುವುದಿಲ್ಲ," ಎಂದಿತು ದನಿ. "ಅವಳದನ್ನು ನೀನು ಇಟ್ಟುಕೊಂಡಿದ್ದೆ."

"ಇಟ್ಕೊಂಡಿದ್ದಲ್ಲ, ಹೊತ್ಕೊಂಡಿದ್ದು! ಅವಳು ಹೊರಬಾರದು ಅಂತ. ನಿಮ್ಮಲ್ಲಿ ಯಾರಾದ್ರೂ ಯಾರದನ್ನಾದ್ರೂ ಹೊತ್ತಿದ್ದೀರಾ?"

ಅವರಿಗೆ ಅರ್ಥವಾಗಲಿಲ್ಲ ಎಂದೇ ನಾನು ಈಗಲೂ ಹೇಳುವುದು. ಅಕ್ಕ ಕುಕ್ಕೆ ಎತ್ತಿ ಸೊಂಟಕ್ಕಿಟ್ಟುಕೊಂಡಳು. "ಬಾಗ್ಲು ತೆಗೀರಲಾ," ಎಂದಳು, ಕೂಗದೆ. "ನಮ್ ಮನೆ ಮಾತು ಇದು. ನಾವು ಆಡ್ಕತೀವಿ."

ಕಾಲಡಿಗೆ ಏರಿಯ ಮಣ್ಣು ಸಿಕ್ಕಿತು. ಗದ್ದೆ ಖಾಲಿ. ನಾಲೆಯಲ್ಲಿ ನೀರು ಎಂದಿನಂತೆ ಹರಿಯುತ್ತಿತ್ತು.

ಅಕ್ಕ ಅಳುತ್ತಾಳೆ ಎಂದು ಅವಳ ತೋಳು ಹಿಡಿಯಹೋದೆ. ಕೊಡವಿಬಿಟ್ಟಳು.

"ನಿನ್ ಭಾವಂಗೆ ಗೊತ್ತಾ?"

"ಗೊತ್ತು."

"ಮಗಂಗೆ?"

"ಗೊತ್ತು."

"ಊರ್ಗೆಲ್ಲ ಗೊತ್ತು, ನಂಗೊಬ್ಳಿಗೇ ಇಲ್ಲ! ನನ್ ಮೈ ಕಣೇ ಅದು. ನಾನೇನ್ ಅಸುನಾ, ಕೊಟ್ಗೇಲಿ ಕಟ್ಟಾಕಿ ನೀವೇ ಮಾತಾಡ್ಕಳಕ್ಕೆ? ಆಪ್ರೇಸನ್ ಆಗಿ, ಮತ್ತಿಳ್ದು ಎದ್ದು, ಎದೆ ಮುಟ್ಕಂಡು ನೋಡ್ತಿದ್ನಲ್ಲ, ಆಗ ಏನ್ ಏಳ್ತಿದ್ದೆ ನೀನು? ಗೆಡ್ಡೆ ದೊಡ್ದಾಗಿತ್ತು ಅಂತಿದ್ದಾ?"

ಹೌದು, ಅದನ್ನೇ ಹೇಳುವುದೆಂದು ನಾವು ಮಾತಾಡಿಕೊಂಡಿದ್ದೆವು.

"ಆ ಬಾಯಿಲ್ಲದವೇ ವಾಸಿ," ಎಂದಳು.

ಅದಕ್ಕೆ ನನಗೂ ರೇಗಿತು. "ಓಗು, ಅವರ ಜೊತೆಗೇ ಓಗು! ಈ ಭಾರ ಹೊತ್ತು ಮಲಗಿ ನೋಡಿದ್ದೀಯಾ ನೀನು? ಒಂದು ದಿನ ನಾನು ನೆಟ್ಟಗೆ ಉಂಡಿಲ್ಲ!"

"ನಾನ್ ಏಳಿದ್ನಾ ಒರಾಕೆ?"

ಏರಿಯ ಮೇಲೆ ನಿಂತು ಇಬ್ಬರೂ ಗಂಟಲು ಹರಿಯುವ ಹಾಗೆ ಜಗಳವಾಡಿದೆವು. ಸೈಕಲ್ಲಿನಲ್ಲಿ ಬಂದ ಒಬ್ಬ ಇಳಿದು ನೋಡಿ, ಏನೂ ಕೇಳದೆ ದಬ್ಬಿಕೊಂಡು ಹೋದ. ಅಕ್ಕ ಆಲೆಮನೆಗೆ ಹೋಗಿ ಕುಕ್ಕೆಯನ್ನು ಭಾವನ ಮುಂದೆ ಕುಕ್ಕಿದಳು. "ಬೆಲ್ಲ ಸೀಯ್ಸು, ಇಲ್ಲಾ ಸುಟ್ಟಾಕು. ನಾನು ಮೈಸೂರ್ಗೊಯ್ತಿವ್ನಿ, ಎದೆ ತೆಗುಸ್ಕಳಕ್ಕೆ," ಎಂದಳು. ಭಾವ ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದು ನನ್ನ ಮುಖ ನೋಡಿದ. ನಾನು ಬೇರೆ ಕಡೆ ತಿರುಗಿದೆ.

ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದಳು. ನಾನು ಕೆಳಗೇ ನಿಂತಿದ್ದೆ. ಕಿಟಕಿಯಿಂದ ತಲೆ ಹಾಕಿ, "ಬತ್ತೀಯಾ, ಇಲ್ಲೇ ನಿಂತಿರ್ತೀಯಾ?" ಎಂದಳು. ಹತ್ತಿ ಪಕ್ಕದಲ್ಲಿ ಕೂತೆ. ಶ್ರೀರಂಗಪಟ್ಟಣದಲ್ಲಿ ಹೊಳೆಯ ಸೇತುವೆ ದಾಟುವಾಗ ಅವಳು ಸೆರಗಿನೊಳಗೆ ಕೈಯಿಟ್ಟುಕೊಂಡು, ಮುಂದೆ ನೋಡುತ್ತಲೇ ಕೇಳಿದಳು.

"ಆಮ್ಯಾಕೆ ಕೈ ಎತ್ತಕ್ಕಾಯ್ತದಾ?"

ಆಗುತ್ತದೆ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಎಷ್ಟು ಜನಕ್ಕೆ ಹೇಳಿದ್ದೇನೆ ಹಾಗೆ!

"ಮೊದ್ಲು ಆಗಲ್ಲ," ಎಂದೆ. "ದಿನಾ ಗೋಡೆ ಮೇಲೆ ಬೆರಳಾಡಿಸ್ತಾ ಮೇಲೆ ಮೇಲೆ ಅತ್ತಿಸ್ಬೇಕು. ನಾನು ಮಾಡಿಸ್ತೀನಿ."

"ನೋಯ್ತದಾ?"

"ನೋಯ್ತದೆ."