ಚನ್ನಮಲ್ಲಮ್ಮನ ವಾಸನೆ ಪರೀಕ್ಷೆ

ಬರಗೂರಿನಲ್ಲಿ ಸಿರಾ ಬಸ್ಸು ನಿಲ್ಲುವ ಜಾಗದ ಎದುರಿಗೆ ವೀರಭದ್ರಯ್ಯನ ಇಡ್ಲಿ ಹೋಟೆಲು ಇದೆ. ಹೆಸರು ವೀರಭದ್ರಯ್ಯನದು, ಇಡ್ಲಿ ಅವನ ಹೆಂಡತಿ ಚನ್ನಮಲ್ಲಮ್ಮನದು. ಮೂವತ್ತು ವರ್ಷದಿಂದ ಆಕೆ ಒಳಗೆ ಬೇಯಿಸುತ್ತಿದ್ದಳು, ಆತ ಹೊರಗೆ ಗಲ್ಲಾದ ಹಿಂದೆ ಕೂತು ಬಂದವರ ಜೊತೆ ಮಳೆ, ಮದುವೆ, ಮಂತ್ರಿಮಂಡಲ ಮಾತಾಡುತ್ತಿದ್ದ. ಬೆಳಗಿನ ಮೊದಲ ಬಸ್ಸಿನ ಡ್ರೈವರ್ ಆಕೆಯ ಕಡ್ಲೆಕಾಯಿ ಬೀಜದ ಚಟ್ನಿಗೆ ಬೆರಳು ಅದ್ದದೆ ಸ್ಟೇರಿಂಗ್ ಮುಟ್ಟುತ್ತಿರಲಿಲ್ಲ. ಆದರೂ ಆಕೆಯ ಮುಖ ಕಂಡ ಗಿರಾಕಿಗಳು ಕಡಿಮೆ, ನಗು ಕೇಳಿದವರು ಹೆಚ್ಚು. ಅಡುಗೆಮನೆಯ ಕಿಟಕಿಯಿಂದ ಬರುತ್ತಿದ್ದ ಆ ನಗು ಬಸ್ಸಿನ ಹಾರನ್ನಿಗಿಂತ ಜೋರು.

2021ರ ಮೇ ತಿಂಗಳಲ್ಲಿ ಕೊರೋನಾದ ಎರಡನೇ ಅಲೆ ಬಂದು ಹೋಟೆಲಿನ ಬಾಗಿಲು ಮುಚ್ಚಿತು. ಮೊದಲ ನಾಲ್ಕು ದಿನ ಚನ್ನಮಲ್ಲಮ್ಮ ಮದುವೆಯಾದಾಗಿನಿಂದ ಉಳಿಸಿಕೊಂಡಿದ್ದ ನಿದ್ದೆಯನ್ನೆಲ್ಲ ಮಾಡಿ ಮುಗಿಸಿದಳು. ಐದನೇ ದಿನ ಪಾತ್ರೆ ತಿಕ್ಕಲು ಕೂತಳು. ಎಂಟನೇ ದಿನ ಅವೇ ಪಾತ್ರೆಗಳನ್ನು ನಾಲ್ಕನೇ ಸಲ ತಿಕ್ಕುವುದನ್ನು ನೋಡಿ, ಇನ್ನು ತಿಕ್ಕಿದರೆ ಇಡ್ಲಿ ತಟ್ಟೆ ಜರಡಿಯಾಗುತ್ತದೆ ಎಂದು ವೀರಭದ್ರಯ್ಯ ಎಚ್ಚರಿಸಿದ.

ಆ ಮಧ್ಯಾಹ್ನವೇ ನರ್ಸ್ ಸಹನಾ ಬಾಗಿಲಲ್ಲಿ ನಿಂತಿದ್ದಳು. ಊರಾಚೆಯ ಹಾಸ್ಟೆಲನ್ನು ಕೋವಿಡ್ ಕೇರ್ ಸೆಂಟರ್ ಮಾಡಿದ್ದರು. ಸುತ್ತಲ ಹಳ್ಳಿಗಳಿಂದ ಮೂವತ್ತೊಂದು ಜನ ಬಂದು ಮಲಗಿದ್ದರು. ಅಡುಗೆಯವರಿಗೂ ಜ್ವರ ಬಂದು, ಅವರೂ ಈಗ ಅಲ್ಲೇ ಮಂಚ ಹಿಡಿದಿದ್ದರು. ಒಂದೆರಡು ವಾರ ಬೇಯಿಸಿಕೊಡುವ ಗಟ್ಟಿಗರು ಯಾರಾದರೂ ಗೊತ್ತೇ ಎಂದು ಸಹನಾ ಕೇಳಲು ಬಂದಿದ್ದಳು. ಯಾರ್ಯಾರ ಹೆಸರು ಹೇಳುವುದೆಂದು ವೀರಭದ್ರಯ್ಯ ಗದ್ದ ಕೆರೆದುಕೊಳ್ಳುವಷ್ಟರಲ್ಲಿ ಚನ್ನಮಲ್ಲಮ್ಮ ಒಳಗಿನಿಂದ ಎರಡು ಸೀರೆ, ಒಂದು ವಿಭೂತಿ ಗಟ್ಟಿ, ತನ್ನ ದೊಡ್ಡ ಸೌಟು ಗಂಟು ಕಟ್ಟಿಕೊಂಡು ಹೊರಗೆ ಬಂದಿದ್ದಳು.

ವೀರಭದ್ರಯ್ಯನ ಮುಖ ಸಪ್ಪಗಾಯಿತು. ಜನ ಆ ಹಾಸ್ಟೆಲಿನ ಮುಂದಿನ ರಸ್ತೆಯಲ್ಲೂ ಓಡಾಡುತ್ತಿರಲಿಲ್ಲ.

"ಅಲ್ವೇ, ನಿಂಗೇನಾದ್ರೂ ಆದ್ರೆ ನನ್ ಗತಿ ಏನೇ?" ಎಂದ.

"ಈಗ ಏನೂ ಆಗ್ದಿದ್ರೂ ನಿಮ್ ಗತಿ ಇಷ್ಟೇ ಅಲ್ವಾ," ಎಂದು ನಕ್ಕು ಆಕೆ ಸಹನಾಳ ಸ್ಕೂಟಿ ಹತ್ತಿದಳು. ರೋಗ ಮನೆಗೆ ತರಬಾರದೆಂದು ಹಾಸ್ಟೆಲಿನ ವಾರ್ಡನ್ ಕೋಣೆಯಲ್ಲೇ ಉಳಿಯುವುದೆಂದು ಮಾತಾಯಿತು. ಮೊಟ್ಟೆ ಬೇಯಿಸುವ ಕೆಲಸ ಮಾತ್ರ ತನ್ನದಲ್ಲ ಎಂದು ದಾರಿಯಲ್ಲೇ ಹೇಳಿದಳು. ಲಿಂಗ ಕಟ್ಟಿಕೊಂಡ ಆಕೆ ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟಿರಲಿಲ್ಲ. ಅದನ್ನು ಸಹನಾ ಒಪ್ಪಿಕೊಂಡಳು.

ಮೊದಲ ದಿನ ಚನ್ನಮಲ್ಲಮ್ಮ ಜೀವ ತೇದು ಸಾರು ಮಾಡಿದಳು. ಹೊಸದಾಗಿ ಹುರಿದು ಪುಡಿ ಮಾಡಿ, ಇಂಗು ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟು, ಮಾಸ್ಕು ಗೌನು ಹಾಕಿಕೊಂಡು ತಾನೇ ಬಡಿಸಿ, ಮೂಲೆಯಲ್ಲಿ ನಿಂತು ಹೊಗಳಿಕೆಗೆ ಕಾದಳು. ಯಾರೂ ತುಟಿ ಬಿಚ್ಚಲಿಲ್ಲ. ಎಲ್ಲರೂ ಹುಲ್ಲು ಅಗಿಯುವ ಹಾಗೆ ಅಗಿದು, ನೀರು ಕುಡಿದು, ಎದ್ದು ಹೋದರು. ಮೂವತ್ತು ವರ್ಷದಲ್ಲಿ ಅಂಥ ಅವಮಾನ ಆಕೆಗೆ ಆಗಿರಲಿಲ್ಲ. ಅಡುಗೆಮನೆಗೆ ಬಂದು ಕಣ್ಣು ಒರೆಸಿಕೊಳ್ಳುತ್ತಿದ್ದಾಗ ಸಹನಾ ಹಿಂದೆಯೇ ಬಂದು ಬಿಡಿಸಿ ಹೇಳಿದಳು: ಈ ಕಾಯಿಲೆಗೆ ಮೊದಲು ಹೋಗುವುದು ಮೂಗು, ಅದರ ಹಿಂದೆ ನಾಲಿಗೆ, ಇವರಿಗೆ ಸಾರೂ ಒಂದೇ, ಬಿಸಿನೀರೂ ಒಂದೇ. ಕೆಲವರಿಗೆ ಆ ಬೇಜಾರಿಗೇ ಊಟ ಸೇರುತ್ತಿಲ್ಲ. ಅಂಜನಪ್ಪ ಎಂಬ ಮುದುಕನಂತೂ ಬಂದಾಗಿನಿಂದ ಗೋಡೆ ಕಡೆ ತಿರುಗಿ ಮಲಗಿದ್ದಾನೆ. ಅವನ ಹೆಂಡತಿ ಓಬಕ್ಕ ತುಮಕೂರಿನ ಆಸ್ಪತ್ರೆಯಲ್ಲಿ ಆಕ್ಸಿಜನ್ ಮೇಲಿದ್ದಾಳೆ.

ಚನ್ನಮಲ್ಲಮ್ಮ ಆ ಸಂಜೆಯೆಲ್ಲ ಯೋಚನೆ ಮಾಡಿದಳು. ರೋಗ ಓಡಿಸುವುದು ಡಾಕ್ಟರ ಕೆಲಸ, ಅದು ತನಗೆ ಬರುವುದಿಲ್ಲ. ಆದರೆ ತನ್ನ ಸಾರನ್ನು ಬಿಸಿನೀರಿನ ಸಮ ಮಾಡಿದ ಈ ಮೂಗುಗಳನ್ನು ಸುಮ್ಮನೆ ಬಿಡಬಾರದು.

ಮರುದಿನ ಹತ್ತು ಗಂಟೆಗೆ ಎಲ್ಲರನ್ನೂ ವರಾಂಡದಲ್ಲಿ ಕೂರಿಸಿದಳು. ಎದುರಿಗೆ ಬಟ್ಟೆ ಕಟ್ಟಿದ ಏಳು ಸ್ಟೀಲು ಡಬ್ಬಿಗಳು. ಒಂದರಲ್ಲಿ ಇಂಗು, ಒಂದರಲ್ಲಿ ಕಾಫಿ ಪುಡಿ, ಒಂದರಲ್ಲಿ ಜಜ್ಜಿದ ಬೆಳ್ಳುಳ್ಳಿ, ಹೀಗೆ. ಪ್ರತಿಯೊಬ್ಬರೂ ಮೂಸಿ ಹೆಸರು ಹೇಳಬೇಕು. ಯಾರಿಗೆ ವಾಸನೆ ವಾಪಸು ಬರುತ್ತದೋ ಅವರು ಕೇಳಿದ ಅಡುಗೆ ಮರುದಿನ ಎಲ್ಲರಿಗೂ. "ಏನ್ ಕೇಳಿದ್ರೂ ಮಾಡ್ತೀನಿ," ಎಂದು ಲಿಂಗದ ಮೇಲೆ ಆಣೆ ಇಟ್ಟಳು.

ಮಂಕಾಗಿ ಕೂತಿದ್ದ ಜನ ನೆಟ್ಟಗಾದರು. ಕಳ್ಳಂಬೆಳ್ಳದ ಲಾರಿ ಡ್ರೈವರ್ ಮುತ್ತುರಾಜ್ ಮೊದಲು ಎದ್ದು ಬಂದು, ಮೂರನೇ ಡಬ್ಬಿಯನ್ನು ದೀರ್ಘವಾಗಿ ಮೂಸಿ, ಕಣ್ಣು ಮುಚ್ಚಿ, ಇದು ಏಲಕ್ಕಿ, ಅದೂ ಒಳ್ಳೆ ಜಾತಿದು ಎಂದು ತೀರ್ಪು ಕೊಟ್ಟ. ಚನ್ನಮಲ್ಲಮ್ಮ ಬಟ್ಟೆ ಬಿಚ್ಚಿ ಎಲ್ಲರಿಗೂ ತೋರಿಸಿದಳು. ಅದರಲ್ಲಿದ್ದದ್ದು ಬೋರ್‌ವೆಲ್ ನೀರು. ಸುಳ್ಳು ಹೇಳುವವರಿಗೆಂದೇ ಅದನ್ನು ಇಟ್ಟಿದ್ದಳು. ವರಾಂಡದಲ್ಲಿ ಎದ್ದ ನಗು ಕೆಮ್ಮಾಗಿ, ಕೆಮ್ಮು ಮತ್ತೆ ನಗುವಾಗಿ, ಏನಾಯಿತೋ ಎಂದು ಸಹನಾ ಓಡಿಬಂದಳು. ಆಕೆ ಬೈದದ್ದು ಚನ್ನಮಲ್ಲಮ್ಮನಿಗೇ. ನಗುವಾಗ ಆಕೆಯ ಮಾಸ್ಕು ಗದ್ದಕ್ಕೆ ಇಳಿಯುತ್ತಿತ್ತು. ದಿನಕ್ಕೆ ಇಪ್ಪತ್ತು ಸಲ ಏರಿಸಲು ಹೇಳಬೇಕಾಗುತ್ತಿತ್ತು.

ಮೂರನೇ ದಿನ ಭುವನಾ ಗೆದ್ದಳು. ಮದುವೆಯಾಗಿ ಹನ್ನೆರಡು ದಿನಕ್ಕೆ ಇಲ್ಲಿಗೆ ಬಂದಿದ್ದ ಹುಡುಗಿ, ಕೈಯ ಮದರಂಗಿ ಇನ್ನೂ ಮಾಸಿರಲಿಲ್ಲ. ಬೆಳ್ಳುಳ್ಳಿಯ ಡಬ್ಬಿ ಮೂಸಿ, ಸ್ವಲ್ಪ ತಡೆದು, ಮತ್ತೆ ಮೂಸಿ, ಬೆಳ್ಳುಳ್ಳಿ ಎಂದು ಪಿಸುಗುಟ್ಟಿದಳು. ಆಮೇಲೆ ಜೋರಾಗಿ ಹೇಳಿದಳು. ಆಮೇಲೆ ಅಳುತ್ತಾ ನಗುತ್ತಾ ಆ ಡಬ್ಬಿಯನ್ನು ಎದೆಗೆ ಅವುಚಿಕೊಂಡು ಯಾರಿಗೂ ಕೊಡಲೊಲ್ಲದೆ ಕೂತಳು. ಆಕೆ ಕೇಳಿದ್ದು ಹುಚ್ಚೆಳ್ಳು ಚಟ್ನಿ, ಅಕ್ಕಿ ರೊಟ್ಟಿ. ಮರುದಿನ ರುಚಿ ಗೊತ್ತಾಗುತ್ತಿದ್ದದ್ದು ಅವಳೊಬ್ಬಳಿಗೇ. ಅವಳು ತಿನ್ನುತ್ತಾ ಹೇಗಿದೆ ಎಂದು ವರ್ಣಿಸುತ್ತಿದ್ದಳು, ಉಳಿದವರು ಅವಳ ಮುಖ ನೋಡಿಕೊಂಡೇ ಎರಡೆರಡು ರೊಟ್ಟಿ ಹೆಚ್ಚು ತಿಂದರು.

ಅಂದಿನಿಂದ ಹಾಸ್ಟೆಲಿನಲ್ಲಿ ಜ್ವರದ ಮಾತು ಹಿಂದೆ ಬಿತ್ತು, ಮೂಗಿನ ಮಾತು ಮುಂದೆ ಬಂತು. ಬೆಳಿಗ್ಗೆ ಎದ್ದವರು ಸೋಪು ಮೂಸುವರು, ಹಾಸಿಗೆ ಮೂಸುವರು, ಒಬ್ಬರ ಚಪ್ಪಲಿ ಇನ್ನೊಬ್ಬರು ಮೂಸುವರು. ಪಾಸಿಟಿವ್ ಆಗಿರಬೇಕು ಎಂದು ಸಹನಾ ಹೇಳಿದರೆ, ಹಾಗಿರುವುದಕ್ಕೇ ತಾನೇ ಇಲ್ಲಿ ತಂದು ಹಾಕಿರುವುದು ಎಂದು ಮುತ್ತುರಾಜ್ ಉತ್ತರ ಕೊಡುವನು. ಅಂಜನಪ್ಪ ಮಾತ್ರ ಗೋಡೆ ಬಿಟ್ಟು ತಿರುಗಲಿಲ್ಲ. ಚನ್ನಮಲ್ಲಮ್ಮ ದಿನಾ ಡಬ್ಬಿಗಳನ್ನು ಅವನ ಮಂಚದ ತನಕ ಒಯ್ದು, ಅವನ ಬೆನ್ನಿನ ಜೊತೆ ನಾಲ್ಕು ಮಾತಾಡಿ, ವಾಪಸು ತರುತ್ತಿದ್ದಳು.

ಒಂಬತ್ತನೇ ದಿನ ಮುತ್ತುರಾಜನಿಗೆ ನಿಜವಾಗಿಯೂ ವಾಸನೆ ಬಂತು. ಏಳರಲ್ಲಿ ಐದು ಸರಿಯಾಗಿ ಹೇಳಿ, ಎದೆ ಉಬ್ಬಿಸಿ, ನಾಳೆ ಕೋಳಿ ಸಾರು ಎಂದ.

ಎಲ್ಲರ ಕಣ್ಣೂ ಚನ್ನಮಲ್ಲಮ್ಮನ ಹಣೆಯ ವಿಭೂತಿಯ ಮೇಲೆ. ತಮಾಷೆಗೆ ಅಂದೆ, ಬೇಡ ಎಂದು ಮುತ್ತುರಾಜನೇ ತೊದಲಿದ. ಆದರೆ ಆಣೆ ಆಣೆಯೇ. ಆಕೆ ಒಂದು ನಿಮಿಷ ಕಣ್ಣು ಮುಚ್ಚಿದ್ದು, ದಾರಿ ಕಂಡುಕೊಂಡಳು. ಕೈ ಅವನದು, ಬಾಯಿ ತನ್ನದು. ಅಂದರೆ ಹಾಸ್ಟೆಲಿನ ಹಿಂದೆ ಬೇವಿನ ಮರದಡಿ ಮೂರು ಕಲ್ಲಿಟ್ಟು, ಕಳ್ಳಂಬೆಳ್ಳದಿಂದ ಬಂದ ಅವನ ಮನೆಯ ಪಾತ್ರೆಯಲ್ಲಿ ಅವನೇ ಬೇಯಿಸಬೇಕು. ಆಕೆ ಗಾಳಿಗೆ ಬೆನ್ನು ಹಾಕಿ ಐವತ್ತು ಮಾರು ದೂರ ನಿಂತು ಹೇಳಿಕೊಡುತ್ತಾಳೆ.

ಮರುದಿನ ಹನ್ನೊಂದು ಗಂಟೆಗೆ ಅದು ಶುರುವಾಯಿತು. ಒಲೆಯ ಮೇಲೆ ತನ್ನ ಬೇಳೆ ಸಾರು ಇಟ್ಟು ಆಕೆ ಹೊರಗೆ ಬಂದಳು. ಈರುಳ್ಳಿ ಕೆಂಪಗಾಯಿತೇ ಎಂದು ಇಲ್ಲಿಂದ ಕೂಗುವುದು, ಆಯಿತು ಎಂದು ಅಲ್ಲಿಂದ ಕೂಗುವುದು. ಕೋಳಿಯನ್ನು ಕಣ್ಣೆತ್ತಿಯೂ ನೋಡದೆ, ಅದಕ್ಕೆ ಎಷ್ಟು ಕೊತ್ತಂಬರಿ, ಎಷ್ಟು ಚಕ್ಕೆ ಎಂದು ಆಕೆ ಆಕಾಶಕ್ಕೆ ಮುಖ ಮಾಡಿ ಹೇಳುತ್ತಿದ್ದಳು. ಕಿಟಕಿಗಳಲ್ಲಿ ಜನ ತುಂಬಿ, ಒಬ್ಬೊಬ್ಬರು ಒಂದೊಂದು ಸಲಹೆ ಕೊಟ್ಟು, ಮುತ್ತುರಾಜ್ ಗಾಬರಿಯಾಗಿ ಉಪ್ಪು ಎರಡು ಸಲ ಹಾಕಿದ. ಚನ್ನಮಲ್ಲಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಆಗ ಒಳಗಿನಿಂದ ಒಂದು ಗಂಟಲು ಕೇಳಿಸಿತು. ಕುರಿ ಹಿಂಡನ್ನು ಗುಡ್ಡದಿಂದ ಇಳಿಸುವಂಥ ಗಂಟಲು.

"ಯಾರ್ಲಾ ಅಲ್ಲಿ, ಸಾರು ಸೀದೋಯ್ತಾ ಐತೆ ಕಣ್ರಲಾ!"

ಅಂಜನಪ್ಪ ವರಾಂಡದಲ್ಲಿ ನಿಂತಿದ್ದ. ಹತ್ತು ದಿನದಿಂದ ಬೆನ್ನು ಮಾತ್ರ ಕಂಡಿದ್ದ ಜನಕ್ಕೆ ಅವನಿಗೆ ಇಷ್ಟು ದೊಡ್ಡ ಮೀಸೆ ಇದೆಯೆಂದು ಆಗಲೇ ಗೊತ್ತಾಗಿದ್ದು. ಒಂದು ಕ್ಷಣ ಎಲ್ಲರೂ ಅವನನ್ನೇ ನೋಡಿದರು. ಆಮೇಲೆ ಚಪ್ಪಾಳೆ, ಶಿಳ್ಳೆ, ತಟ್ಟೆ ಬಡಿತ. ಯಾರೂ ಸಾರಿನ ಕಡೆ ಓಡಲಿಲ್ಲ. ಲೇ, ಮೊದಲು ಒಲೆ ಆರಿಸ್ರಲಾ ಎಂದು ಅವನು ಬೈದಷ್ಟೂ ಚಪ್ಪಾಳೆ ಜೋರಾಯಿತು. ಕೊನೆಗೆ ಸಹನಾ ಓಡಿಹೋಗಿ ಗ್ಯಾಸ್ ಆರಿಸಿದಳು.

ಚನ್ನಮಲ್ಲಮ್ಮ ಅಡುಗೆಮನೆಗೆ ಬಂದು ಪಾತ್ರೆಯ ಮೇಲೆ ಬಗ್ಗಿದಳು. ತಳ ಕಪ್ಪಗೆ ಹತ್ತಿಕೊಂಡು ಹೊಗೆ ಏಳುತ್ತಿತ್ತು. ಅಷ್ಟು ಹೊಗೆಗೆ ಕಣ್ಣು ಉರಿಯಿತು. ಮೂಗಿಗೆ ಏನೂ ಬರಲಿಲ್ಲ.

"ಅಮ್ಮ, ನಿಮಗೆ ವಾಸನೆ ಗೊತ್ತಾಗ್ತಿಲ್ವಾ?" ಎಂದು ಸಹನಾ ಮೆಲ್ಲಗೆ ಕೇಳಿದಳು.

ಚನ್ನಮಲ್ಲಮ್ಮ ಇಂಗಿನ ಡಬ್ಬಿ ತೆಗೆದು ಮೂಸಿದಳು. ಕಾಫಿ ಪುಡಿ ಮೂಸಿದಳು. ಎಲ್ಲ ಡಬ್ಬಿಯಲ್ಲೂ ಬೋರ್‌ವೆಲ್ ನೀರೇ ಇದ್ದ ಹಾಗಿತ್ತು. ಅಂದು ಸಂಜೆ ಆಕೆಯ ಗಂಟು ವಾರ್ಡನ್ ಕೋಣೆಯಿಂದ ಭುವನಾಳ ಪಕ್ಕದ ಮಂಚಕ್ಕೆ ಬಂತು.

ಎರಡು ದಿನ ಜ್ವರ ಕಾಯಿತು. ಬೆರಳಿಗೆ ಹಾಕಿದ ಆಕ್ಸಿಜನ್ ಮೀಟರ್ ತೊಂಬತ್ತಮೂರು ತೋರಿಸಿದಾಗ ಆಕೆಗೂ ನಗು ಬರಲಿಲ್ಲ. ಓಬಕ್ಕನನ್ನು ಯಾಕೆ ತುಮಕೂರಿಗೆ ಒಯ್ದರೆಂದು ಆಗ ಅರ್ಥವಾಯಿತು. ಭುವನಾ ಪಕ್ಕದಲ್ಲಿ ಕೂತು, ಬೋರಲು ಮಲಗಿಸಿ, ಬೆನ್ನು ನೀವುತ್ತಿದ್ದಳು. ಮೂರನೇ ದಿನ ಮೀಟರ್ ತೊಂಬತ್ತಾರಕ್ಕೆ ಏರಿತು. ಅಂದಿನಿಂದ ಚನ್ನಮಲ್ಲಮ್ಮ ಪರೀಕ್ಷೆ ಮಾಡುವವಳಲ್ಲ, ಬರೆಯುವವಳು. ಡಬ್ಬಿ ಹಿಡಿದವನು ಮುತ್ತುರಾಜ್. ಅವನು ಎಷ್ಟು ಕಟ್ಟುನಿಟ್ಟೆಂದರೆ ಊಹೆ ಮಾಡುವುದಕ್ಕೂ ಬಿಡುತ್ತಿರಲಿಲ್ಲ.

ಅಡುಗೆ? ಬೆಳಗಿನ ಇಡ್ಲಿಯನ್ನು ವೀರಭದ್ರಯ್ಯ ವಹಿಸಿಕೊಂಡ. ಹೆಂಡತಿಗೆ ಪಾಸಿಟಿವ್ ಎಂದು ಕೇಳಿ ಗೇಟಿನ ಹತ್ತಿರ ಬಂದು, ಆಚೆಯಿಂದ ಆಕೆಯನ್ನು ನೋಡಿ ಹಿಂತಿರುಗಿದವನು ಸೀದಾ ಹೋಟೆಲಿನ ಅಡುಗೆಮನೆಗೆ ಹೋಗಿ ಉದ್ದು ನೆನೆಹಾಕಿದ್ದ. ಮೂವತ್ತು ವರ್ಷ ಗಲ್ಲಾದಲ್ಲಿ ಕೂತವನ ಇಡ್ಲಿ ಮೊದಲ ದಿನ ಹೇಗಿತ್ತೆಂದರೆ, ನಾಲಿಗೆ ರುಚಿ ವಾಪಸು ಬಂದವರೆಲ್ಲ ಅದು ಇನ್ನೊಂದು ದಿನ ತಡವಾಗಿ ಬರಬಾರದಿತ್ತೇ ಎಂದುಕೊಂಡರು. ರುಚಿ ತಿಳಿಯದ ಚನ್ನಮಲ್ಲಮ್ಮ ಒಬ್ಬಳೇ ನಾಲ್ಕು ತಿಂದಳು. ಬಹಳ ಚೆನ್ನಾಗಿದೆ ಎಂದು ಕಿಟಕಿಯಿಂದ ಕೂಗಿ ಹೇಳಿದಳು. ಗೇಟಿನಾಚೆ ಆತ ಕೊಡೆ ಮಡಚಿ, ಬಿಚ್ಚಿ, ಮತ್ತೆ ಮಡಚಿ, ಖುಷಿ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ.

ಮಧ್ಯಾಹ್ನದ ಅಡುಗೆ ಅಂಜನಪ್ಪನದು. ಗೆದ್ದವನು ಅವನೇ ಆದ್ದರಿಂದ ಏನು ಬೇಕು ಎಂದು ಕೇಳಿದಾಗ, ತನಗೇನೂ ಬೇಡ, ಈ ತಾಯಿಗೆ ತಾನು ಮುದ್ದೆ ಮಾಡಿ ಹಾಕಬೇಕು ಎಂದಿದ್ದ. ಕುರಿ ಹೊಡೆದುಕೊಂಡು ಪಾವಗಡದಾಚೆ ಆಂಧ್ರದ ತನಕ ಅಲೆದವನು. ಬಯಲಲ್ಲಿ ಬೇಯಿಸಿ ರೂಢಿ. ಅವನ ಮುದ್ದೆ, ಹುರುಳಿ ಸಾರು ತಿಂದವರು ತಟ್ಟೆ ನೆಕ್ಕಿದರು. ಜ್ವರ ಬಿಟ್ಟು ಹತ್ತು ದಿನವಾಗಿ ಮನೆಗೆ ಹೋಗಬಹುದು ಎಂದಾಗಲೂ ಅವನು ಹೋಗಲಿಲ್ಲ.

"ಓಬಿ ಇಲ್ದಿದ್ ಮನೆಗೆ ಹೋಗಿ ಏನ್ ಮಾಡ್ಲಿ ತಾಯಿ. ಇಲ್ಲೇ ಒಂದ್ ಮುದ್ದೆ ತೊಳಸ್ಕಂಡು ಇರ್ತೀನಿ ಬುಡು," ಎಂದ.

ಜೂನ್ ಮೊದಲ ವಾರ ಒಂದು ಬೆಳಿಗ್ಗೆ ತುಮಕೂರಿನಿಂದ ಆಂಬುಲೆನ್ಸ್ ಬಂದು ಗೇಟಿನಲ್ಲಿ ನಿಂತಿತು. ಇನ್ನೊಬ್ಬ ರೋಗಿ ಎಂದು ಸಹನಾ ಗೌನು ಹಾಕಿಕೊಳ್ಳುತ್ತಿದ್ದಳು. ಬಾಗಿಲು ತೆರೆದು ಇಳಿದದ್ದು ಕಡ್ಡಿಯ ಹಾಗಾಗಿದ್ದ ಒಬ್ಬ ಹೆಂಗಸು. ಊರಿಗೆ ಬಿಡುತ್ತೇವೆ ಎಂದರೆ ಕೇಳದೆ, ಗಂಡ ಎಲ್ಲಿದ್ದಾನೋ ಅಲ್ಲಿಗೇ ಬಿಡಿ ಎಂದು ಹಟ ಮಾಡಿ ಬಂದ ಓಬಕ್ಕ. ಮುದ್ದೆ ಕೋಲು ಹಿಡಿದುಕೊಂಡೇ ಓಡಿಬಂದ ಗಂಡನನ್ನು ಅಡಿಯಿಂದ ಮುಡಿಯ ತನಕ ನೋಡಿ ಆಕೆ ಕೇಳಿದ್ದು ಒಂದೇ ಮಾತು.

"ಕುರಿ ಯಾರ್ ನೋಡ್ಕಂತವ್ರೆ?"

ತಮ್ಮ ನೋಡಿಕೊಳ್ಳುತ್ತಿದ್ದಾನೆ ಎಂದು ಹೇಳಲು ಹೊರಟ ಅಂಜನಪ್ಪ ಅರ್ಧದಲ್ಲೇ ಅತ್ತುಬಿಟ್ಟ. ಅಷ್ಟು ದೊಡ್ಡ ಮೀಸೆ ಅಳುವುದನ್ನು ಹಾಸ್ಟೆಲಿನ ಜನ ಹಿಂದೆಂದೂ ನೋಡಿರಲಿಲ್ಲ. ಅವನ ಹೆಗಲ ಕಂಬಳಿ ಜಾರಿ ಹಿಂದೆಯೇ ಬಂದು ನಿಂತಿದ್ದ ಚನ್ನಮಲ್ಲಮ್ಮನ ಕಾಲ ಮೇಲೆ ಬಿತ್ತು. ಆಕೆ ಅದನ್ನು ಮಡಚಲು ಹೋಗಿ ತಟ್ಟನೆ ನಿಂತಳು. ಮತ್ತೊಮ್ಮೆ ಮುಖದ ಹತ್ತಿರ ತಂದಳು.

"ನಾರ್ತೈತೆ," ಎಂದಳು. "ಅಯ್ಯೋ ಶಿವನೇ, ಕುರಿ ನಾರ್ತೈತೆ ಕಣ್ರಪ್ಪಾ."

ಪರೀಕ್ಷೆಯಲ್ಲಿ ಇಲ್ಲದ ವಾಸನೆ ಲೆಕ್ಕಕ್ಕಿಲ್ಲ ಎಂದು ಮುತ್ತುರಾಜ್ ತಕರಾರು ತೆಗೆದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಭುವನಾ ಆಕೆಯ ಕೈ ಹಿಡಿದು ಏನು ಬೇಕೋ ಕೇಳಿ ಎಂದಳು. ಮೂವತ್ತು ಜನ ಸುತ್ತ ನಿಂತು ಕಾದರು. ಚನ್ನಮಲ್ಲಮ್ಮನಿಗೆ ಏನೂ ಹೊಳೆಯಲಿಲ್ಲ. ನಿನಗೇನು ಇಷ್ಟ ಎಂದು ಆಕೆಯನ್ನು ಯಾರೂ ಈವರೆಗೆ ಕೇಳಿರಲಿಲ್ಲ. ತಾನೂ ಕೇಳಿಕೊಂಡಿರಲಿಲ್ಲ. ನಾಳೆ ಹೇಳುತ್ತೇನೆ ಎಂದು ಮಂಚಕ್ಕೆ ಹೋಗಿ ಕೂತು, ಇಡೀ ದಿನ ಅದೊಂದನ್ನೇ ಯೋಚಿಸಿದಳು. ಮರುದಿನ ಹೇಳಿದ್ದು ಕೇಳಿ ಎಲ್ಲರಿಗೂ ಆಶ್ಚರ್ಯ. ಆಕೆಗೆ ಬೇಕಾದದ್ದು ಮಸಾಲೆ ದೋಸೆ. ಅದೂ ಇಲ್ಲಿ ಅಲ್ಲ, ಮನೆಯಲ್ಲೂ ಅಲ್ಲ. ಬೇರೆ ಯಾರದೋ ಹೋಟೆಲಿನಲ್ಲಿ, ಕುರ್ಚಿಯ ಮೇಲೆ ಕೂತು, ಯಾರೋ ತಂದುಕೊಟ್ಟದ್ದು.

ಆ ಬಹುಮಾನಕ್ಕೆ ಒಂದು ತಿಂಗಳು ಕಾಯಬೇಕಾಯಿತು. ಜುಲೈಯಲ್ಲಿ ಹೋಟೆಲುಗಳು ತೆರೆದ ಮೇಲೆ ಒಂದು ಭಾನುವಾರ ವೀರಭದ್ರಯ್ಯ ತಮ್ಮ ಹೋಟೆಲಿಗೆ ರಜೆ ಬೋರ್ಡು ಹಾಕಿ ಆಕೆಯನ್ನು ಬಸ್ಸಿನಲ್ಲಿ ಸಿರಾಕ್ಕೆ ಕರೆದೊಯ್ದ. ಆಕೆ ಇಳಕಲ್ ಸೀರೆ ಉಟ್ಟಿದ್ದಳು. ಫ್ಯಾನಿನ ಕೆಳಗಿನ ಟೇಬಲ್ಲೇ ಬೇಕೆಂದು ಹಿಡಿದಳು. ಸಪ್ಲೈಯರ್ ಬಂದು ಏನು ಬೇಕಮ್ಮ ಎಂದು ಕೇಳಿದಾಗ, ಆ ಮಾತನ್ನು ಇನ್ನೊಮ್ಮೆ ಕೇಳಿಸಿಕೊಳ್ಳಬೇಕೆನಿಸಿ, ಏನು ಎಂದಳು. ಅವನು ಮತ್ತೆ ಕೇಳಿದ.

ದೋಸೆ ಬಂತು. ಅಂಚು ಮುರಿದು, ಚಟ್ನಿಗೆ ಅದ್ದಿ, ಬಾಯಿಗೆ ಇಟ್ಟುಕೊಂಡಳು. ಚಟ್ನಿಗೆ ಹುಳಿ ಜಾಸ್ತಿಯಾಗಿದೆ, ಪಲ್ಯಕ್ಕೆ ಈರುಳ್ಳಿ ಸಾಲದು, ಹಂಚು ಇನ್ನೂ ಕಾಯಬೇಕಿತ್ತು ಎಂದು ಒಂದೊಂದಾಗಿ ಗಂಡನ ಕಿವಿಯಲ್ಲಿ ಹೇಳುತ್ತಾ ಹೋದಳು. ಒಂದೊಂದು ತಪ್ಪಿಗೂ ಆಕೆಯ ಮುಖ ಇನ್ನಷ್ಟು ಅರಳುತ್ತಿತ್ತು. ಹಾಗಾದರೆ ಚೆನ್ನಾಗಿಲ್ಲವೇ, ಎದ್ದು ಹೋಗೋಣವೇ ಎಂದು ವೀರಭದ್ರಯ್ಯ ಕೇಳಿದ. ಚನ್ನಮಲ್ಲಮ್ಮ ಕೈ ಎತ್ತಿ ಸಪ್ಲೈಯರನ್ನು ಕರೆದು ಇನ್ನೊಂದು ದೋಸೆ ಹೇಳಿದಳು.