ಎಸ್ತರಮ್ಮನವರಿಗೆ ಹಾಕಿದ ಕುರ್ಚಿ

ನ್ಯಾಮತಿಯ ಹೆರಿಗೆ ನರ್ಸು ಎಸ್ತರಮ್ಮನವರನ್ನು ಎಪ್ಪತ್ತೆಂಟನೇ ಇಸವಿಯಲ್ಲಿ ಮಿಷನ್ನಿನವರು ಸೇವೆಗೆಂದು ಆರು ವಾರ ಇಂಗ್ಲೆಂಡಿಗೆ ಕರೆಸಿಕೊಂಡರು. ದಾವಣಗೆರೆಯ ಆಚೆಗೆ ಕಾಲಿಡದ ನಾನೇ ಅಲ್ಲಿನ ಚಳಿಯ ಬಗ್ಗೆ ಅವರಿಗೆ ಉಪದೇಶ ಮಾಡಿದೆ. ಅವರು ಕತ್ತರಿ, ದಾರ ಕುದಿಸಿ ಕಟ್ಟಿಕೊಂಡರು. "ಅಲ್ಲೂ ಬಸುರೇರು ಇರ್ತಾರಲ್ರೀ ಮೇಷ್ಟ್ರೇ!"

ವಾಪಸು ಬಂದಾಗ, ಎಷ್ಟು ಹೆರಿಗೆ ಮಾಡಿಸಿದಿರಿ ಎಂದು ಕೇಳಿದೆ.

"ಒಂದೂ ಇಲ್ರಿ. ದಿನಾ ಒಂದೊಂದು ಚರ್ಚಿನಾಗೆ ನಿಲ್ಲಿಸಿ, ಇಂಥ ಬಡವರಿಗೆ ಸಹಾಯ ಮಾಡ್ರಿ ಅಂತ ನನ್ನ ತೋರ್ಸಿದ್ರು. ಹೊಸ ಸೀರೆ ಉಟ್ಟಿದ್ದಕ್ಕೆ, ಹಳೇದು ಇಲ್ವಾ ಅಂದ್ರು."

ನಮ್ಮೂರಿಗೆ ಮಾತ್ರ ಅವರು ದೊಡ್ಡವರಾಗಿಬಿಟ್ಟಿದ್ದರು. ಫಾರಿನ್ನಿಗೆ ಹೋಗಿ ಬಂದವರನ್ನು ಹೆರಿಗೆಗೆ ಕರೆಯುವುದು ಹೇಗೆಂದು ಯಾರೂ ಕರೆಯಲಿಲ್ಲ. ಕಾದು ಸಾಕಾಗಿ, ಶಂಕರಮ್ಮನ ಸೊಸೆ ನೋವು ತಿನ್ನುತ್ತಿದ್ದಾಳೆಂದು ತಿಳಿದಾಗ ತಾವೇ ಹೋದರು. ಧೈರ್ಯ ಹೇಳುವ ನೆಪದಲ್ಲಿ ಕಾಫಿಗೆ ಕುಳಿತಿದ್ದ ನನ್ನ ಪಕ್ಕದಲ್ಲೇ ಶಂಕರಮ್ಮ ಅವರಿಗೊಂದು ಕುರ್ಚಿ ಹಾಕಿದಳು.

"ಅಯ್ಯೋ, ಈ ರಗತದ ಕೆಲಸಕ್ಕೆ ನೀವ್ಯಾಕ್ರೀ ಅಮ್ಮಾರೆ? ಕೂತ್ಕಳ್ರಿ, ಸೂಲಗಿತ್ತಿ ಸಾವಂತ್ರಮ್ಮ ನೋಡ್ಕಂತಾಳೆ."

"ನಂಗೆ ಕೆಲಸ ಮರ್ತಿಲ್ಲ ಕಣವ್ವಾ."

"ಗೊತ್ತೈತ್ರಿ. ಆದ್ರೂ ನಿಮ್ಮ ಕೈಲಿ ಮಾಡಿಸಾಕೆ ನಮಗೇ ನಾಚಿಕೆ."

ನಾನು ವಿಮಾನದ ಊಟ ಹೇಗಿತ್ತೆಂದು ವಿಚಾರಿಸಿದೆ. ಅವರ ಕಿವಿ ಒಳಕೋಣೆಯ ಕಡೆಗಿತ್ತು. ಕೂಸು ಅತ್ತಿತು. ಅವರು ಎದ್ದು ಹೋದರು, ಬಾಗಿಲು ಹಾಕಿತ್ತು. ಈ ಊರಿನ ಅರ್ಧ ಮಕ್ಕಳನ್ನು ಮೊದಲು ಎತ್ತಿಕೊಂಡವರು ಹೊರಗೆ ನಿಂತು, ನಮ್ಮೆಲ್ಲರ ಹಾಗೆ ಕೇಳಿದರು:

"ಗಂಡಾ? ಹೆಣ್ಣಾ?"